ಸ್ಲೀವ್ ಆದ ಮೇಲೆ ರೊಟ್ಟಿ ಯಾವಾಗ?

ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾದ ಹೊಳಲಿನ ಓದುಗರೊಬ್ಬರ ಪ್ರಶ್ನೆ: ಜೋಳದ ರೊಟ್ಟಿ ತಿನ್ನಬಹುದೇ? ಕೂದಲು ಉದುರುವುದೇಕೆ?

ತಟ್ಟೆಯಲ್ಲಿ ಮೊದಲ ಪಾಳಿ ಪ್ರೋಟೀನಿನದು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಮೊಸರು, ಪನೀರ್, ಗಟ್ಟಿ ಬೇಳೆ, ಮೆತ್ತಗೆ ಬೆಂದ ಹೆಸರುಕಾಳಿನ ಪಲ್ಯ ಉಂಡ ಮೇಲೆ, ವೈದ್ಯರು ಒಪ್ಪಿದರೆ, ಬಿಸಿ ರೊಟ್ಟಿಯ ಒಂದೆರಡು ತುಣುಕನ್ನು ನುಣ್ಣಗೆ ಅಗಿಯಬಹುದು. ಖಡಕ್ ರೊಟ್ಟಿ ಸದ್ಯ ಡಬ್ಬಿಯಲ್ಲೇ ಇರಲಿ, ಮಿರ್ಚಿ ಮಂಡಕ್ಕಿಯ ಮಾತಂತೂ ಬೇಡ. ಊಟದ ನಡುವೆ ನೀರು ಕುಡಿಯದೆ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು.

ತೂಕ ಬೇಗ ಇಳಿದಾಗ ಕೂದಲು ಉದುರುವುದು ಸಾಮಾನ್ಯ. ಹೆಚ್ಚಿನವರಲ್ಲಿ ಮತ್ತೆ ಬೆಳೆಯುತ್ತದೆ. ಆದರೂ ರಕ್ತಪರೀಕ್ಷೆ ತಪ್ಪಿಸಬಾರದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ತಾಸು ಅಂತರವಿರಲಿ.

ವಾಂತಿ ನಿಲ್ಲದಿದ್ದರೆ ಥಯಮಿನ್ ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.