ಹೊಸಕೋಟೆಯಿಂದ ಧೂಳಿನ ಉಂಗುರ ಅಳೆದದ್ದು

ಕೋಲಾರದಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಹೊಸಕೋಟೆಯಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕ್ಯಾಂಪಸ್ ಇದೆ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಉಪಗ್ರಹ ಸಂಪರ್ಕದಲ್ಲಿ ಇಲ್ಲಿಂದಲೇ ನಡೆಸ್ತಾರೆ. ಇನ್‌ಫ್ರಾರೆಡ್ ಬೆಳಕನ್ನು ಗಾಳಿಯ ನೀರಾವಿ ನುಂಗುತ್ತೆ. ಹಾನ್ಲೆ 4,500 ಮೀಟರ್ ಎತ್ತರದ ಒಣ ಜಾಗ.

2016ರ ಅಕ್ಟೋಬರ್‌ನಿಂದ 2017ರ ಏಪ್ರಿಲ್‌ವರೆಗೆ ಅದು ಎಚ್0507+164 ಎಂಬ ಗ್ಯಾಲಕ್ಸಿಯನ್ನು ಗಮನಿಸಿತು. ನಡುವೆ ಬ್ಲ್ಯಾಕ್‌ಹೋಲ್, ಸುತ್ತ ಬಿಸಿ ಅನಿಲದ ತಟ್ಟೆ, ಅದರಾಚೆ ಧೂಳಿನ ಉಂಗುರ. ಒಳಅಂಚಿನ ಧೂಳು ಸುಮಾರು 1,500 ಕೆಲ್ವಿನ್‌ವರೆಗೆ ಕಾದಿರುತ್ತೆ, ಇನ್ನೂ ಕಾದರೆ ಆವಿಯೇ. ಅದು ಹೊಳೆಯೋದು 2 ಮೈಕ್ರಾನ್ ಆಸುಪಾಸಿನಲ್ಲಿ. ಫೋಟೋದಲ್ಲಿ ಉಂಗುರ ಬಿಡಿಸಿ ಕಾಣಲ್ಲ, ಅಷ್ಟು ದೂರ.

ಮತ್ತೆ ಅಳೆಯೋದು ಹೇಗೆ? ಅಂತರಗಂಗೆ ಬೆಟ್ಟದ ಬಂಡೆಗೆ ಕೂಗಿ ಪ್ರತಿಧ್ವನಿಗೆ ಕಾದ ಹಾಗೆ. ತಟ್ಟೆ ಮಿನುಗಿದ್ದು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮೊದಲು ಬರುತ್ತೆ, ಧೂಳಿನ ಉತ್ತರ ಇನ್‌ಫ್ರಾರೆಡ್‌ನಲ್ಲಿ ತಡವಾಗಿ. ಎರಡೂ ಗ್ರಾಫುಗಳ ನಡುವಿನ ಲ್ಯಾಗ್ ಹುಡುಕಿದ್ದು ನಮ್ಮ ಸಿಗ್ನಲ್ಸ್ ಪೇಪರಿನ ಕ್ರಾಸ್-ಕೋರಿಲೇಶನ್‌ನಿಂದಲೇ! ಸಿಕ್ಕಿದ್ದು 34.6 ದಿನ. ಬೆಳಕಿನ ವೇಗದಿಂದ ಗುಣಿಸಿ: ಸುಮಾರು 90 ಸಾವಿರ ಕೋಟಿ ಕಿ.ಮೀ. ತ್ರಿಜ್ಯ. (ಬಂಡೆಯ ಲೆಕ್ಕದಂತೆ ಎರಡರಿಂದ ಭಾಗಿಸಬೇಡಿ, ಉಂಗುರದ ಹತ್ತಿರದ ಬದಿ ಬೇಗ, ದೂರದ ಬದಿ ತಡ, ಸರಾಸರಿ ತ್ರಿಜ್ಯದಷ್ಟೇ.) ದೋಷದ ಮಿತಿ ಮಾತ್ರ ದೊಡ್ಡದೇ: ಮೇಲಕ್ಕೆ 12.1 ದಿನ, ಕೆಳಕ್ಕೆ 9.6.