ಹಳೆಯ ಸೌಂಡ್ ಕಾರ್ಡು, ಹೆಚ್ಚಿದ ಮೆಮೊರಿ

ಗಣಕಯಂತ್ರದ ಮೆಮೊರಿಯನ್ನು 4 ಜಿಬಿಗೆ ಏರಿಸಿದಂದಿನಿಂದ ಸಂಗೀತದ ನಡುವೆ ಚಿಟಪಟ ಸದ್ದು ಕೇಳಿಬರುತ್ತಿರುವ ಮಾತ್ರಕ್ಕೆ ಕಾರ್ಡು ಕೆಟ್ಟಿತೆಂದು ತಾವು ವ್ಯಾಕುಲರಾಗಬೇಕಾದುದಿಲ್ಲ. 1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನ ಇಎಂಯು10ಕೆ1 ಚಿಪ್ಪು, ಪ್ರೊಸೆಸರಿನ ಮಧ್ಯಸ್ಥಿಕೆಯಿಲ್ಲದೆ ತಾನೇ ಮೆಮೊರಿಯಿಂದ ಧ್ವನಿಯ ದತ್ತಾಂಶವನ್ನು ಸೆಳೆದುಕೊಳ್ಳುವ ಸಾಮರ್ಥ್ಯವುಳ್ಳದ್ದಾದರೂ, ಅದರ ವಿಳಾಸಗಳು 31 ಬಿಟ್‌ಗಳಿಗೆ ಸೀಮಿತವಾಗಿರುವ ಕಾರಣ, ಮೊದಲ 2 ಜಿಬಿಯ ಆಚೆಗಿರುವುದಾವುದೂ ಅದಕ್ಕೆ ಗೋಚರಿಸಲಾರದು. ಡ್ರೈವರು ಈ ಮಿತಿಯನ್ನರಿತು ಧ್ವನಿಯ ದತ್ತಾಂಶವಿರುವ ಬಫರನ್ನು ಆ ಗಡಿಯೊಳಗೇ ಇರಿಸಬೇಕು, ಇಲ್ಲವಾದರೆ ಅಪಸ್ವರ ಅನಿವಾರ್ಯ. ಲಿನಕ್ಸ್‌ನ ಡ್ರೈವರು ಇದನ್ನು ಪಾಲಿಸುತ್ತದೆ. ವಿಂಡೋಸ್‌ನಲ್ಲಾದರೋ, ಎಂಎಸ್‌ಕಾನ್ಫಿಗ್‌ನ ಬೂಟ್ ವಿಭಾಗದಲ್ಲಿ ಗರಿಷ್ಠ ಮೆಮೊರಿಯನ್ನು 2048 ಎಂದು ನಮೂದಿಸಿ ಪರೀಕ್ಷಿಸಿರಿ. ಸದ್ದು ನಿಂತಿತೆಂದರೆ ದೋಷದ ಮೂಲ ದೊರೆತಂತೆಯೇ. ಸಂಗೀತಕ್ಕಾಗಿಯೇ ಮೀಸಲಾದ ಯಂತ್ರವಾದಲ್ಲಿ, 2 ಜಿಬಿಗೆ ತೃಪ್ತರಾಗಿ ಆ ಒಳ್ಳೆಯ ಕಾರ್ಡನ್ನು ಉಳಿಸಿಕೊಳ್ಳುವುದೇ ಯುಕ್ತವೆಂದು ನನ್ನ ಅಭಿಮತ.