ಪರವಾನಗಿಯಿಲ್ಲದ ತರಂಗಗಳು ಮತ್ತು ರೋಗಿಯ ಕ್ಷೇಮ

ರೇಡಿಯೋ ತರಂಗಗಳನ್ನು ಪ್ರಸಾರಮಾಡಲು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಆಕಾಶವಾಣಿಗೂ ಮೊಬೈಲ್ ಕಂಪೆನಿಗಳಿಗೂ ಗೊತ್ತುಪಡಿಸಿದ ಕಂಪನಾಂಕಗಳಿವೆ. ಆದರೆ 2005ರಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಲ್ಪ ಸಾಮರ್ಥ್ಯದ ಉಪಕರಣಗಳಿಗೆ ಮುಕ್ತಗೊಳಿಸಲಾಯಿತು. 2018ರಲ್ಲಿ 5 ಗಿಗಾಹರ್ಟ್ಸ್ ವಲಯದ 605 ಮೆಗಾಹರ್ಟ್ಸ್‌ನಷ್ಟು ಭಾಗಕ್ಕೂ ಇದೇ ಸೌಲಭ್ಯ ದೊರೆಯಿತು. ಹೈದರಾಬಾದಿನ ಕೂಕಟ್‌ಪಲ್ಲಿ, ಗಚ್ಚಿಬೌಲಿಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳ ವೈಫೈ ಈ ಪಟ್ಟಿಗಳಲ್ಲಿಯೇ ನಡೆಯುತ್ತದೆ. ಬ್ಲೂಟೂತ್ ಶ್ರವಣಯಂತ್ರ, ರಕ್ತದೊತ್ತಡಮಾಪಕಗಳು ಮೊದಲನೆಯದರಲ್ಲಿವೆ. ಒಡೆಯನಿಲ್ಲದ ಈ ಬಯಲಿನಲ್ಲಿ ಇವೆಲ್ಲ ಹೇಗೆ ಕೂಡಿ ಬಾಳುತ್ತವೆ?

ಕೂಡಿ ಬಾಳುವ ನಿಯಮಗಳು

ಮೊದಲನೆಯದು ಮಿತಿ. 2005ರ ನಿಯಮದಂತೆ ಪ್ರಸಾರಕದ ಸಾಮರ್ಥ್ಯವು 1 ವ್ಯಾಟನ್ನು ಮೀರಬಾರದು. ಗೋಡೆಗಳನ್ನು ದಾಟುವಷ್ಟರಲ್ಲಿ ತರಂಗವು ಕ್ಷೀಣಿಸುವುದರಿಂದ ದೂರದ ಮನೆಗೆ ಬಾಧೆಯಿಲ್ಲ.

ಎರಡನೆಯದು ಆಲಿಸುವಿಕೆ. 1971ರಲ್ಲಿ ಹವಾಯಿಯಲ್ಲಿ ನಾರ್ಮನ್ ಅಬ್ರಾಮ್‌ಸನ್ನರ ತಂಡವು ಆರಂಭಿಸಿದ ‘ಅಲೋಹಾ’ ಜಾಲದಲ್ಲಿ ಪ್ರತಿಯೊಂದು ಯಂತ್ರವೂ ತನಗೆ ಬೇಕೆಂದಾಗ ಸಂದೇಶ ಕಳುಹಿಸುತ್ತಿತ್ತು. ಸಂದೇಶಗಳು ಡಿಕ್ಕಿಹೊಡೆಯುತ್ತಿದ್ದುದರಿಂದ ಅಂಥ ಜಾಲದ ಶೇಕಡ 18ರಷ್ಟು ಕಾಲ ಮಾತ್ರ ಸದುಪಯೋಗವಾಗಲು ಸಾಧ್ಯವಿತ್ತು. ವೈಫೈ ಹಾಗಲ್ಲ, ಅದು ಮೊದಲು ಆಲಿಸುತ್ತದೆ. ಮೌನವಾದ ಮೇಲೂ ಪ್ರತಿ ಯಂತ್ರವು ಮನಬಂದ ಒಂದು ಸಂಖ್ಯೆಯನ್ನಾರಿಸಿ ಅಷ್ಟು ಸೂಕ್ಷ್ಮಕ್ಷಣ ತಡೆಯುತ್ತದೆ. ಸಂದೇಶ ಮುಟ್ಟಿದ ಉತ್ತರ ಬಾರದಿದ್ದರೆ ಕಾಯುವ ಅವಧಿಯ ಮಿತಿಯನ್ನು ಇಮ್ಮಡಿಗೊಳಿಸಿ ಮತ್ತೆ ಯತ್ನಿಸುತ್ತದೆ.

ಮೂರನೆಯದು ಸ್ಥಳಾಂತರ. ಸಾಂಪ್ರದಾಯಿಕ ಬ್ಲೂಟೂತ್ 79 ಕಿರುದಾರಿಗಳಲ್ಲಿ ಸೆಕೆಂಡಿಗೆ 1600 ಬಾರಿ ನೆಗೆಯುತ್ತ, ಗದ್ದಲವಿರುವ ದಾರಿಗಳನ್ನು ತೊರೆಯುತ್ತದೆ.

ಸಹಬಾಳ್ವೆಯ ಎಲ್ಲೆ

ಈ ಸೌಜನ್ಯಕ್ಕೂ ಎಲ್ಲೆಯಿದೆ. 2450 ಮೆಗಾಹರ್ಟ್ಸ್ ಬಳಿ ಕೆಲಸಮಾಡುವ ಮೈಕ್ರೋವೇವ್ ಒಲೆಯು ಯಾರನ್ನೂ ಆಲಿಸುವುದಿಲ್ಲ. ಪರಸ್ಪರ ಕೇಳಿಸದಷ್ಟು ದೂರವಿರುವ ಎರಡು ಯಂತ್ರಗಳು ನಡುವಿನ ಮೂರನೆಯದಕ್ಕೆ ಒಟ್ಟಿಗೇ ಸಂದೇಶ ಕಳುಹಿಸಬಹುದು. ಮುಖ್ಯವಾಗಿ, ಈ ಪಟ್ಟಿಗಳಲ್ಲಿ ಅನ್ಯರಿಂದ ಅಡ್ಡಿಯಾದರೆ ಕಾನೂನಿನ ರಕ್ಷಣೆ ಕೇಳುವಂತಿಲ್ಲ.

1998ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, ಖಾಲಿಯಿದ್ದ ಟೆಲಿವಿಷನ್ ದಾರಿಯನ್ನು ಬಳಸುತ್ತಿದ್ದ ಆಸ್ಪತ್ರೆಯ ನಿಸ್ತಂತು ಹೃದಯಮಾಪಕಗಳು, ಟೆಲಿವಿಷನ್ ಕೇಂದ್ರವೊಂದರ ಡಿಜಿಟಲ್ ಪ್ರಸಾರ ಆರಂಭವಾದೊಡನೆ ಕೆಲಸ ನಿಲ್ಲಿಸಿದವು. ಈ ಅನುಭವದ ಫಲವಾಗಿ 2000ದಲ್ಲಿ ಅಲ್ಲಿ ವೈದ್ಯಕೀಯ ಮಾಪನಕ್ಕೆಂದೇ ಕಂಪನಾಂಕಗಳನ್ನು ಮೀಸಲಿಡಲಾಯಿತು.

ನಾವು ಮಾಡಬೇಕಾದುದು

ವೈದ್ಯರೊಡನೆ ವಿಡಿಯೋ ಸಮಾಲೋಚನೆ ನಡೆಸುವಾಗ 5 ಗಿಗಾಹರ್ಟ್ಸ್ ಪಟ್ಟಿಯನ್ನು, ಸಾಧ್ಯವಿದ್ದರೆ ತಂತಿಯ ಸಂಪರ್ಕವನ್ನು ಬಳಸುವುದು ಒಳ್ಳೆಯದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ 1, 6, 11ನೆಯ ದಾರಿಗಳಲ್ಲಿ ಒಂದನ್ನು ಆರಿಸಬೇಕು. ವೈಫೈ ಪೆಟ್ಟಿಗೆಯನ್ನು ಮೈಕ್ರೋವೇವ್ ಒಲೆಯಿಂದ ದೂರವಿಡಬೇಕು. ಮನೆಯಲ್ಲಿ ರೋಗಿಯಿದ್ದರೆ, ಅವರ ಮಾಪಕವು ತಾನೇ ಗಂಟೆ ಬಾರಿಸುವಂತಹುದಾಗಿರಲಿ. ಮೊಬೈಲಿಗೆ ಬರುವ ಎಚ್ಚರಿಕೆಯೊಂದನ್ನೇ ನೆಚ್ಚಬಾರದು. ಎಲ್ಲರಿಗೂ ಸೇರಿದ ದಾರಿಯು ಅನುಕೂಲಕ್ಕೆ ಸಾಕು. ಜೀವರಕ್ಷಣೆಗೆ ಅದೊಂದೇ ಸಾಲದು.